ದೀಪ ಹಚ್ಚಿದರೆ ಹಾಡುವ ಪೆಟ್ಟಿಗೆ

ಗಂಡಸಿನ ಹವ್ಯಾಸವನ್ನು ಹೆಂಗಸು ಸಹಿಸಿಕೊಳ್ಳುವುದಕ್ಕೂ ಒಂದು ಗಡಿ ಇರುತ್ತದೆ, ಆ ಗಡಿ ಊಟದ ಮೇಜಿನ ಅಂಚು ಎಂಬುದು ಕ್ಲೆಮಾಂಸ್ ಬೊರ್ನಾನಳ ಖಚಿತ ಅಭಿಪ್ರಾಯ. ಅಂಚಿನ ಆಚೆ ಗಂಡ ನೂಮಾ ಏನು ಬೇಕಾದರೂ ಬಿಚ್ಚಲಿ, ಉಜ್ಜಲಿ, ಎಣ್ಣೆ ಬಿಡಲಿ. ಅಂಚಿನ ಈಚೆಗೆ ಸೂಪಿನ ತಟ್ಟೆಗಳ ಸಾಮ್ರಾಜ್ಯ. ಆದರೆ ಎರಡು ಚಳಿಗಾಲಗಳಿಂದ ಆ ಸಾಮ್ರಾಜ್ಯದ ನಟ್ಟನಡುವೆ ಒಂದು ಗ್ರಾಮಫೋನು ಸಿಂಹಾಸನ ಹಾಕಿಕೊಂಡು ಕೂತುಬಿಟ್ಟಿತ್ತು. ಹಾಡುವ ಗ್ರಾಮಫೋನಾಗಿದ್ದರೆ ಹೇಗೋ ತಾಳಿಕೊಳ್ಳಬಹುದಿತ್ತು. ಇದು ಹಾಡುತ್ತಿರಲಿಲ್ಲ, ಸ್ಪಿರಿಟ್ಟಿನ ವಾಸನೆ ಮಾತ್ರ ಬಿಡುತ್ತಿತ್ತು.

ಸಾಮಾನ್ಯ ಗ್ರಾಮಫೋನಿಗೆ ಕೀಲಿ ಕೊಡಬೇಕು. ಪಕ್ಕದಲ್ಲಿ ಒಂದು ಹಿಡಿ ಇರುತ್ತದೆ. ತಿರುಗಿಸಿದರೆ ಒಳಗಿನ ಸ್ಪ್ರಿಂಗು ಬಿಗಿಯಾಗುತ್ತದೆ, ಬಿಟ್ಟರೆ ಅದು ಬಿಚ್ಚಿಕೊಳ್ಳುತ್ತಾ ತಟ್ಟೆಯನ್ನು ತಿರುಗಿಸುತ್ತದೆ. ನಮ್ಮ ಬೆಟ್ಟದೂರು ಸ್ಯಾಂತ್-ಕ್ರುವಾದಲ್ಲಿ ಇದು ತೊಟ್ಟಿಲ ಕೂಸಿಗೂ ಗೊತ್ತು. ಊರಿಗೆ ಊರೇ ಸಂಗೀತದ ಪೆಟ್ಟಿಗೆ, ಗ್ರಾಮಫೋನು ಮಾಡಿಯೇ ಹೊಟ್ಟೆ ಹೊರೆದದ್ದು. ನೂಮಾ ಕೂಡ ಕಾರ್ಖಾನೆಯಲ್ಲಿ ಸ್ಪ್ರಿಂಗು ಕೂರಿಸುತ್ತಲೇ ತಲೆ ನರೆಸಿಕೊಂಡು ನಿವೃತ್ತನಾದವನು. ಆದರೆ ಮೇಜಿನ ಮೇಲಿದ್ದ ಈ ಪೆಟ್ಟಿಗೆಗೆ ಸ್ಪ್ರಿಂಗೂ ಇಲ್ಲ, ಹಿಡಿಯೂ ಇಲ್ಲ. ಇದ್ದದ್ದು ಒಂದು ಸ್ಪಿರಿಟ್ ದೀಪ. ದೀಪ ಹಚ್ಚಿದರೆ ಇದು ಬಿಸಿಗಾಳಿಯ ಬಲದಿಂದ ಓಡುತ್ತದಂತೆ. ('ಅಂತೆ' ಎಂಬುದು ಕ್ಲೆಮಾಂಸಳ ಸೇರ್ಪಡೆ.)

ಇಂಥವನ್ನು ಕಾರ್ಖಾನೆ ಮಾಡುತ್ತಿದ್ದ ಕಾಲದಲ್ಲಿ ನೂಮಾನ ಅಪ್ಪ ಅಲ್ಲಿನ ಕೆಲಸದ ಬೆಂಚಿನಲ್ಲಿ ಕೂತಿದ್ದ. ಯಾರೂ ಕೊಳ್ಳದೆ ಉಳಿದ ಒಂದನ್ನು ಮನೆಗೆ ತಂದಿದ್ದ. 'ಒಂದು ಸಲ ದೀಪ ಹಚ್ಚಿದರೆ ಕುಣಿಯುವವರ ಕಾಲು ಸೋಲಬೇಕೇ ಹೊರತು ಇದು ಸೋಲುವುದಿಲ್ಲ' ಎಂದು ಸಾಯುವವರೆಗೂ ಹೇಳುತ್ತಿದ್ದ. ಹೇಳಿದ್ದೇ ಬಂತು. ನೂಮಾ ಹುಟ್ಟುವ ಹೊತ್ತಿಗೆ ಅದು ಕೆಟ್ಟು ಅಟ್ಟ ಸೇರಿತ್ತು. ಅಪ್ಪನ ಕೈಯ ಯಂತ್ರ ಹಾಡಿದ್ದನ್ನು ಒಂದು ಸಲವಾದರೂ ಕೇಳಬೇಕೆಂಬ ಆಸೆ ಅವನಿಗೆ ಹಸಿವಿನ ಹಾಗೆ ಅಂಟಿಕೊಂಡಿತ್ತು. ಈ ಮಾತನ್ನು ಅವನು ಯಾರಿಗೂ ಹೇಳಿರಲಿಲ್ಲ, ಹೇಳಿದ್ದರೆ ಕ್ಲೆಮಾಂಸ್ ಒಂದು ಚಳಿಗಾಲ ಹೆಚ್ಚು ಸುಮ್ಮನಿರುತ್ತಿದ್ದಳೇನೋ. ಅವಳಿಗೆ ಅವನು ಹೇಳುತ್ತಿದ್ದದ್ದು ಬರೀ ಯಂತ್ರಶಾಸ್ತ್ರ.

"ಇಲ್ಲಿ ನೋಡೇ. ಇದು ಕೊಳವೆ. ಈ ತುದಿ ಕೆಳಗೆ ದೀಪ. ಆ ತುದಿ ತಣ್ಣಗೆ. ಒಳಗಿರೋ ಗಾಳಿ ಹೊರಗೆ ಹೋಗಲ್ಲ, ಹೊರಗಿಂದು ಒಳಗೆ ಬರಲ್ಲ. ಬಿಸಿ ತುದೀಲಿ ಗಾಳಿ ಹಿಗ್ಗತ್ತೆ, ಹಿಗ್ಗಿ ಈ ಪಿಸ್ಟನ್ನನ್ನ ತಳ್ಳತ್ತೆ. ಆಮೇಲೆ ಆ ಗಾಳೀನ ತಣ್ಣನೆ ತುದಿಗೆ ಅಟ್ಟೋಕೆ ಒಳಗೆ ಇನ್ನೊಂದು ಸಡಿಲ ಬಿರಡೆ ಇದೆ. ಅಲ್ಲಿ ಗಾಳಿ ಕುಗ್ಗತ್ತೆ, ಪಿಸ್ಟನ್ ವಾಪಸ್ ಬರತ್ತೆ. ಹೋಗೋದು, ಬರೋದು, ಚಕ್ರ ತಿರುಗೋದು. ಅಷ್ಟೇ."

"ಗೊತ್ತಾಯ್ತು ಬಿಡಿ. ಹೊಗಳಿದ್ರೆ ಹಿಗ್ಗೋದು, ಕೆಲಸ ಹೇಳಿದ್ರೆ ಕುಗ್ಗೋದು. ಅಂಥದ್ದು ಈ ಮನೇಲಿ ಆಗಲೇ ಒಂದಿದೆಯಲ್ಲ, ಎರಡನೇದು ಯಾಕ್ರೀ?"

ಇಂಥ ಹೆಂಗಸಿಗೆ ವಿಜ್ಞಾನ ಹೇಳುವುದು ಹೇಗೆ ಎಂದು ನೂಮಾ ಗೋಡೆಯನ್ನು ಕೇಳಿದ. ಗೋಡೆ ಕೂಡ ಅವಳ ಕಡೆಯದೇ (ಮನೆ ಅವಳ ತವರಿನಿಂದ ಬಂದದ್ದು).

ಜನವರಿಯ ಒಂದು ಸೋಮವಾರ ಅವಳ ಸಹನೆ ಮುಗಿಯಿತು. ಮೇಜಿನ ಮೂಲೆಯಲ್ಲಿ ತಟ್ಟೆ ಇಟ್ಟುಕೊಂಡು, ಮೊಣಕೈ ಕಂಕುಳಿಗೆ ಅಂಟಿಸಿಕೊಂಡು ಸೂಪು ಕುಡಿಯುತ್ತಾ ಅವಳು ಚಮಚ ಕೆಳಗಿಟ್ಟಳು.

"ಭಾನುವಾರ ಅಮ್ಮನ ಎಂಬತ್ತನೇ ಹುಟ್ಟುಹಬ್ಬ. ಊಟ ಇದೇ ಮೇಜಿನ ಮೇಲೆ. ಅಮ್ಮನ ಊಟ ಮುಗಿಯೋದ್ರೊಳಗೆ ನಿಮ್ಮ ಪೆಟ್ಟಿಗೆ ವಾಲ್ಟ್ಸ್ ಕುಣಿತದ ಒಂದು ಹಾಡು ಹಾಡ್ಬೇಕು. ಮೊದಲಿಂದ ಕೊನೇವರೆಗೆ, ಮಧ್ಯೆ ನಿಲ್ಲದೆ. ಹಾಡಿದ್ರೆ ಅದು ಈ ಮನೇಲೇ ಇರತ್ತೆ, ನಾನು ಬದುಕಿರೋವರೆಗೂ ಚಕಾರ ಎತ್ತಲ್ಲ. ಹಾಡಲಿಲ್ಲ ಅಂದ್ರೆ ಫ್ರಿಟ್ಸ್ ತಗೊಂಡು ಹೋಗ್ತಾರೆ."

ಈ ಫ್ರಿಟ್ಸ್ ಮಾರ್ಗೋ ಯಾರೆಂದರೆ ನೂಮಾನ ಪಕ್ಕದ ಬೆಂಚಿನಲ್ಲಿ ದುಡಿದವನು, ಪಕ್ಕದ ಮನೆಯವನು, ಮತ್ತು ಪಕ್ಕದಲ್ಲಿ ಇರಬಾರದಾಗಿದ್ದವನು. ಅವನ ಮನೆಯಲ್ಲೊಂದು ಗ್ರಾಮಫೋನುಗಳ ಮೆರವಣಿಗೆಯೇ ಇತ್ತು. ಒಂದು ನೋಡಲು ಕ್ಯಾಮೆರಾ ಇದ್ದಂತೆ, ಬಿಚ್ಚಿದರೆ ಒಳಗಿಂದ ಪುಟ್ಟ ತಟ್ಟೆ ಹೊರಬರುತ್ತದೆ. ಇನ್ನೊಂದಕ್ಕೆ ಕಹಳೆಯೇ ಇಲ್ಲ, ಬೀಸಣಿಗೆಯಂತೆ ನೆರಿಗೆ ಹಿಡಿದ ದೊಡ್ಡ ಕಾಗದ ತಾನೇ ಅದುರಿ ಹಾಡುತ್ತದೆ. ಮತ್ತೊಂದರ ತಟ್ಟೆಯಲ್ಲಿ ಹಾಡು ನಡುವಿನಲ್ಲಿ ಶುರುವಾಗಿ ಅಂಚಿನಲ್ಲಿ ಮುಗಿಯುತ್ತದೆ. ಗೊತ್ತಿಲ್ಲದವರು ಅಂಚಿನಲ್ಲಿ ಮುಳ್ಳಿಟ್ಟರೆ ಹಾಡಿನ ಕೊನೆಯ ಉಸಿರಷ್ಟೇ ಕೇಳಿ, ಮುಳ್ಳು ಜಾರಿ ಹೊರಗೆ ಬೀಳುತ್ತದೆ. ಹೀಗೆ ಎಲ್ಲ ಇದ್ದ ಫ್ರಿಟ್ಸನ ಹತ್ತಿರ ಇಲ್ಲದ್ದು ಬಿಸಿಗಾಳಿಯದು ಮಾತ್ರ. ವಾರಕ್ಕೊಮ್ಮೆ ಬಂದು ಅದನ್ನು ಕಣ್ಣಲ್ಲೇ ಅಳೆದು, "ಓಡಲ್ಲ ಕಣಯ್ಯಾ, ಸುಮ್ನೆ ನಂಗೆ ಕೊಡು, ಚೆನ್ನಾಗಿ ಒರೆಸಿ ಗಾಜಿನ ಬೀರೂಲಿ ಇಡ್ತೀನಿ" ಎಂದು ಅನುಕಂಪ ತೋರಿಸಿ ಹೋಗುತ್ತಿದ್ದ. ಅಪ್ಪನ ಯಂತ್ರ ಫ್ರಿಟ್ಸನ ಬೀರುವಿನಲ್ಲಿ ಹೆಣದ ಹಾಗೆ ಮಲಗುವುದನ್ನು ನೆನೆದರೆ ನೂಮಾನಿಗೆ ಅನ್ನ ಇಳಿಯುತ್ತಿರಲಿಲ್ಲ. (ಅನ್ನವೆಂದರೆ ಆಲೂಗಡ್ಡೆ.)

ಮೇಜು ತೆರವಾಗಬೇಕೆಂದು ಕ್ಲೆಮಾಂಸ್ ಅವತ್ತೇ ಗಂಡನನ್ನೂ ಗ್ರಾಮಫೋನನ್ನೂ ಮೇಲಿನ ಕೋಣೆಗೆ ಗಡೀಪಾರು ಮಾಡಿದಳು. ಒಲೆಯಿಲ್ಲದ ಕೋಣೆ ಅದು. ಲೋಟದಲ್ಲಿಟ್ಟ ನೀರು ಬೆಳಗಾಗುವಷ್ಟರಲ್ಲಿ ಕಲ್ಲಾಗುತ್ತದೆ. ನೂಮಾ ಓವರ್‌ಕೋಟು ತೊಟ್ಟು, ಮೂಗೊರೆಸಿಕೊಳ್ಳುತ್ತಾ ಪಿಸ್ಟನ್ನಿಗೆ ಹೊಸ ಚರ್ಮದ ಬಿಲ್ಲೆ ಕೂರಿಸಿದ. ಸಂದುಗಳನ್ನು ಗಾಳಿ ಸೋರದಂತೆ ಬಿಗಿದ. ಬುಧವಾರ ಮಧ್ಯಾಹ್ನ ದೀಪ ಹಚ್ಚಿ, ಕೊಳವೆ ಕಾಯುವವರೆಗೆ ಕಾದು, ಚಕ್ರಕ್ಕೆ ಬೆರಳಿನಿಂದ ಒಂದು ತಳ್ಳು ಕೊಟ್ಟ. ಬಿಸಿಗಾಳಿಯ ಯಂತ್ರ ತಾನಾಗಿ ಏಳುವುದಿಲ್ಲ, ಸೋಮಾರಿ ಹುಡುಗನಂತೆ ಯಾರಾದರೂ ಎಬ್ಬಿಸಬೇಕು. ಎದ್ದಿತು. ಪಟಪಟ ಪಟಪಟ ಎಂದು ಮೆತ್ತಗೆ ಉಸಿರಾಡುತ್ತಾ ತಟ್ಟೆ ತಿರುಗಿತು. ಮುಳ್ಳು ಇಡಬೇಕೆನ್ನುವಷ್ಟರಲ್ಲಿ ನೂಮಾ ತಡೆದುಕೊಂಡ. ಮೊದಲ ಹಾಡು ಎಲ್ಲರ ಎದುರಿಗೇ ಆಗಲಿ. ಕ್ಲೆಮಾಂಸಳ ಮುಖ ಹೇಗಾಗುತ್ತದೋ ನೋಡಬೇಕು, ಫ್ರಿಟ್ಸನದಂತೂ ನೋಡಲೇಬೇಕು. ದೀಪ ಆರಿಸಿ, ಏನೂ ಆಗದವನಂತೆ ಮುಖ ಊದಿಸಿಕೊಂಡು ಕೆಳಗಿಳಿದ. ಎದೆಯೊಳಗೆ ಮಾತ್ರ ಬ್ಯಾಂಡು ಬಾರಿಸುತ್ತಿತ್ತು.

ಭಾನುವಾರ ಬಂತು. ಅತ್ತೆ ಝೆಲಿ ಶಾಲಿನ ಮೇಲೆ ಶಾಲು ಹೊದ್ದು ಬಂದು ಒಲೆಯ ಪಕ್ಕದ ಕುರ್ಚಿಯನ್ನು ವಶಪಡಿಸಿಕೊಂಡಳು. ಅತ್ತೆಗೆ ಚಳಿ ಎಂದರೆ ವೈರಿ. ಆದ್ದರಿಂದ ಕ್ಲೆಮಾಂಸ್ ಬೆಳಗಿನಿಂದಲೇ ಹೆಂಚಿನ ಒಲೆಗೆ ಬೀಚ್ ಮರದ ಕಟ್ಟಿಗೆ ತುಂಬಿ ತುಂಬಿ ಕೋಣೆಯನ್ನು ಬ್ರೆಡ್ಡು ಬೇಯಿಸುವ ಗೂಡು ಮಾಡಿದ್ದಳು. ಲೀಕೆಂಬ ಈರುಳ್ಳಿಸೊಪ್ಪು, ಆಲೂಗಡ್ಡೆ ಬೇಯಿಸಿದ ಪಾಪೆ ಬಂತು, ಮೇಲೆ ಹೊಗೆಯಾಡುವ ಕೋಸಿನ ಸಾಸೇಜು. ಫ್ರಿಟ್ಸ್ ಕೂಡ ಬಂದಿದ್ದ. ಹುಟ್ಟುಹಬ್ಬಕ್ಕೆ ಬರುವವರು ಹೂವು ತರುತ್ತಾರೆ. ಇವನು ತಳ್ಳುವ ಹಿಮಗಾಡಿ ತಂದು ಬಾಗಿಲಲ್ಲಿ ನಿಲ್ಲಿಸಿದ್ದ, ಅದರ ಮೇಲೊಂದು ಕಂಬಳಿ ಬೇರೆ.

"ಕಂಬಳಿ ಯಾಕೋ?" ಎಂದ ನೂಮಾ.

"ಪಾಪ, ದಾರೀಲಿ ಪೆಟ್ಟಿಗೆಗೆ ಚಳಿ ಆಗ್ಬಾರ್ದಲ್ಲ."

ನಕ್ಕೋ ಮಗನೇ, ನಕ್ಕೋ ಎಂದುಕೊಂಡ ನೂಮಾ. ಪಾಪೆ ಮುಗಿದು ಚೀಸು ಬರುವ ಹೊತ್ತಿಗೆ ಎದ್ದು, ಮೇಲಿನಿಂದ ಯಂತ್ರವನ್ನು ಮಗುವಿನಂತೆ ಎತ್ತಿ ತಂದು ಪಕ್ಕದ ಗಿಡ್ಡ ಬೀರುವಿನ ಮೇಲಿಟ್ಟು, ದೀಪ ಹಚ್ಚಿದ. ವಾಲ್ಟ್ಸಿನ ತಟ್ಟೆ ಹಾಕಿದ. ಕೆಮ್ಮಿ ಗಂಟಲು ಸರಿಮಾಡಿಕೊಂಡು, "ಅತ್ತೆ, ಹೆಂಡತಿ, ಮತ್ತು ಕಂಬಳಿ ತಂದಿರುವ ಮಿತ್ರ," ಎಂದು ಭಾಷಣ ಶುರುಮಾಡಿ ಚಕ್ರ ತಳ್ಳಿದ.

ಚಕ್ರ ತಿರುಗಿತು. ಮುಳ್ಳು ಇಳಿಸಿದ. ಕಹಳೆಯಿಂದ ಪಿಟೀಲುಗಳು ಎದ್ದವು. ಕ್ಲೆಮಾಂಸಳ ಹುಬ್ಬು ಮೇಲೆ ಹೋಯಿತು, ಫ್ರಿಟ್ಸನ ಬಾಯಿ ಚೀಸಿನ ಸಮೇತ ತೆರೆದೇ ಉಳಿಯಿತು. ನೂಮಾ ಇನ್ನೇನು ಸ್ವರ್ಗಕ್ಕೆ ಕಾಲಿಡಬೇಕು, ಅಷ್ಟರಲ್ಲಿ ಪಿಟೀಲುಗಳು ನರಳಿದವು. ವಾಲ್ಟ್ಸ್ ನಿಧಾನವಾಯಿತು, ಶವಯಾತ್ರೆಯಾಯಿತು, ಆಮೇಲೆ ಹಸು ಈಯುವ ಸದ್ದಾಯಿತು. ನಿಂತೇಹೋಯಿತು.

"ಪಾಪ, ಯಾರಿಗೋ ಹೊಟ್ಟೆನೋವು," ಎಂದಳು ಝೆಲಿ.

ಇಲ್ಲಿ ಒಂದು ಮಾತು ಹೇಳಬೇಕು. ಬೇರೆ ಯಾವ ಊರಿನವನಾಗಿದ್ದರೂ ಈಗ ದೀಪ ನೋಡುತ್ತಿದ್ದ, ಕೊಳವೆ ನೋಡುತ್ತಿದ್ದ. ನಮ್ಮ ಊರಿನವರ ತಲೆ ಬೇರೆ. ಜೀವಮಾನವೆಲ್ಲ ಸ್ಪ್ರಿಂಗಿನ ಜೊತೆ ಕಳೆದವರು ನಾವು. ಯಂತ್ರ ನಿಧಾನವಾಯಿತೇ? ಚಳಿಗೆ ಎಣ್ಣೆ ಗಟ್ಟಿಯಾಗಿದೆ, ಒಲೆಯ ಹತ್ತಿರ ಇಡಿ. ಇದು ಊರಿನ ವೇದವಾಕ್ಯ. ಅಜ್ಜ ಹೇಳಿದ್ದು, ಅಪ್ಪ ಹೇಳಿದ್ದು, ಫೋರ್‌ಮನ್ನನೂ ಹೇಳಿದ್ದು.

"ಎಣ್ಣೆ ಗಟ್ಟಿಯಾಗಿದೆ," ಎಂದ ನೂಮಾ.

"ಎಣ್ಣೇನೇ," ಎಂದ ಫ್ರಿಟ್ಸ್. ವೈರಿಯಾದರೂ ಕಸುಬಿನ ಸತ್ಯ ಒಪ್ಪಲೇಬೇಕು. "ಒಲೆ ಪಕ್ಕಕ್ಕೆ ಇಡು."

ಇಟ್ಟರು. ಅರ್ಧ ಸುತ್ತಿಗೇ ನಿಂತಿತು. ಇನ್ನೂ ಹತ್ತಿರ ತಳ್ಳಿದರು. ಕಾಲು ಸುತ್ತು. ಕೊನೆಗೆ ಇಬ್ಬರು ಮಹಾಪಂಡಿತರೂ ಸೇರಿ ಅದನ್ನು ಒಲೆಯ ಹೆಂಚಿಗೇ ಒರಗಿಸಿದರು. ಈಗ ಚಕ್ರ ತಳ್ಳಿದರೆ ಅದು 'ನಂಗಾಗಲ್ಲ' ಎಂಬಂತೆ ಹಿಂದಕ್ಕೇ ಬಂತು. ನೂಮಾನ ಬೆವರು ಯಂತ್ರದ ಮೇಲೆ ತೊಟ್ಟಿಕ್ಕಿತು. ಬುಧವಾರ ಓಡಿದ್ದು ನಿಜ, ತನ್ನ ಕಣ್ಣಾರೆ ಕಂಡದ್ದು, ಆದರೆ ಹೇಳಿದರೆ ಯಾರು ನಂಬುತ್ತಾರೆ?

"ಬುಧವಾರ ಓಡಿತ್ತು ಕಣೇ. ದೇವರಾಣೆ."

"ಕುಣಿಯೋಕೆ ಬರದವಳು ನೆಲ ಡೊಂಕು ಅಂದ್ಳಂತೆ," ಎಂದಳು ಕ್ಲೆಮಾಂಸ್. ಆದರೆ ಅವಳ ದನಿಯಲ್ಲಿ ಮೊದಲಿನ ಖಾರ ಇರಲಿಲ್ಲ. ಗಂಡನ ಮುಖ ನೋಡಿ ಅವಳಿಗೂ ಎಲ್ಲೋ ಚುರುಕ್ಕೆಂದಿತು. ಆದರೇನು, ಮಾತೆಂದರೆ ಮಾತು. "ಫ್ರಿಟ್ಸ್, ಎತ್ತಿಕೊಳ್ಳಿ. ಸ್ಪಿರಿಟ್ ವಾಸನೆಗೆ ಅಮ್ಮನ ತಲೆ ಸುತ್ತತ್ತೆ."

ಹಾಗೆ ಇಬ್ಬರೂ ಆಚೀಚೆ ಹಿಡಿದು, ಒಬ್ಬ ಗೆದ್ದ ಮುಖ, ಇನ್ನೊಬ್ಬ ಸತ್ತ ಮುಖ ಹೊತ್ತು ಯಂತ್ರವನ್ನು ಬಾಗಿಲಾಚೆ ಹಿಮಗಾಡಿಯ ಮೇಲಿಟ್ಟರು. ಹೊರಗೆ ನಾವು ಬೀಸ್ ಎನ್ನುವ ಬಡಗಣ ಚಳಿಗಾಳಿ ಕಿವಿ ಕಿತ್ತುಕೊಂಡು ಹೋಗುವ ಹಾಗೆ ಬೀಸುತ್ತಿತ್ತು. ದೀಪವನ್ನು ಫ್ರಿಟ್ಸ್ ಆರಿಸಿದ್ದಾನೆಂದು ನೂಮಾ ತಿಳಿದಿದ್ದ, ನೂಮಾ ಆರಿಸಿದ್ದಾನೆಂದು ಫ್ರಿಟ್ಸ್. ಅದು ತನ್ನ ತಗಡಿನ ಮರೆಯಲ್ಲಿ ನೆಮ್ಮದಿಯಾಗಿ ಉರಿಯುತ್ತಲೇ ಇತ್ತು. ಫ್ರಿಟ್ಸ್ ಹಗ್ಗ ಹುಡುಕಲು ಗಾಡಿಯ ಹಿಂದೆ ಬಗ್ಗಿದ. ನೂಮಾ ಅಪ್ಪನ ಪೆಟ್ಟಿಗೆಯ ಮೇಲೆ ಕೈಯಿಟ್ಟುಕೊಂಡು ನಿಂತೇ ನಿಂತ. ಹಗ್ಗ ಸಿಕ್ಕಿತು. ಕಟ್ಟಲು ಬಗ್ಗಿದ ಫ್ರಿಟ್ಸನ ಮೊಣಕೈ ಚಕ್ರಕ್ಕೆ ತಾಗಿತು.

ಪಟ್. ಪಟ್. ಪಟಪಟ ಪಟಪಟ.

"ಏಯ್," ಎಂದ ಫ್ರಿಟ್ಸ್, ಬೆಕ್ಕು ಕಚ್ಚಿದವನಂತೆ ಹಿಂದೆ ಸರಿದು.

ಆಗ ನೂಮಾನ ತಲೆಯೊಳಗೆ ದೀಪ ಹತ್ತಿಕೊಂಡಿತು. ಈ ತುದಿಗೆ ದೀಪ, ಆ ತುದಿ ತಣ್ಣಗೆ. ಎರಡು ಚಳಿಗಾಲ ತಾನೇ ಹೆಂಡತಿಗೆ ಪಾಠ ಹೇಳಿದ್ದು! ಬ್ರೆಡ್ಡಿನ ಗೂಡಿನಂಥ ಕೋಣೆಯಲ್ಲಿ, ಒಲೆಗೆ ಒರಗಿಸಿಟ್ಟರೆ, ತಣ್ಣನೆ ತುದಿ ತಣ್ಣಗಿರುವುದು ಎಲ್ಲಿಂದ? ಎರಡು ತುದಿಯೂ ಬಿಸಿಯಾದರೆ ಗಾಳಿ ಹಿಗ್ಗಿದ್ದು ಹಿಗ್ಗಿದ ಹಾಗೇ ಕೂರುತ್ತದೆ, ಚಕ್ರ ತಿರುಗಿಸುವವರು ಯಾರು? ಅವನು ಎರಡು ಕೈಯಲ್ಲೂ ಹಿಮ ಬಾಚಿ ತಣ್ಣನೆ ತುದಿಗೆ ಮೆತ್ತಿದ. ಯಂತ್ರ ನಾಗಾಲೋಟ ಹಿಡಿಯಿತು.

"ಕ್ಲೆಮಾಂಸ್! ಬಾಗಿಲು ತೆಗಿ!"

ಬಾಗಿಲು ತೆರೆಯಿತು. ಚಳಿಗಾಳಿ ಒಳಗೆ ನುಗ್ಗಿತು. ಹಿಂದೆಯೇ ಕೋಣೆಯೊಳಗಿಂದ ಅತ್ತೆಯ ಶಾಪವೂ ಹೊರಗೆ ಬಂತು.

"ಓಡ್ತಾ ಇದೆ ನೋಡು. ಈಗ ವಾಲ್ಟ್ಸ್ ಹಾಕ್ತೀನಿ."

"ಅದೆಲ್ಲ ಆಗಲ್ಲ," ಎಂದ ಫ್ರಿಟ್ಸ್, ಹಗ್ಗದ ತುದಿ ಗಟ್ಟಿಯಾಗಿ ಹಿಡಿದು. "ಊಟ ಮುಗೀತು. ಪೆಟ್ಟಿಗೆ ನನ್ನ ಗಾಡಿ ಮೇಲಿದೆ. ನೀವೇ ಹೇಳಿ, ಮಾತು ಏನಿತ್ತು?"

ಕ್ಲೆಮಾಂಸ್ ನ್ಯಾಯಾಧೀಶೆಯಂತೆ ಹೊಸ್ತಿಲಲ್ಲಿ ನಿಂತು ಯೋಚಿಸಿದಳು. "ಅಮ್ಮನ ಊಟ ಮುಗಿಯೋದ್ರೊಳಗೆ ಅಂತ ಇತ್ತು," ಎಂದಳು. "ಅಮ್ಮಾ, ನಿನ್ನ ಊಟ ಆಯ್ತಾ?"

ಎಲ್ಲರೂ ಒಳಗೆ ನೋಡಿದರು. ಝೆಲಿಯ ತಟ್ಟೆಯಲ್ಲಿ ಊಟದ ಕೊನೆಗೆ ಬಡಿಸಿದ ಪ್ಲಮ್ ಹಣ್ಣಿನ ಸಿಹಿ ಟಾರ್ಟಿನ ಒಂದೇ ಒಂದು ತುತ್ತು ಉಳಿದಿತ್ತು. ಅದನ್ನು ಅವಳು ಚಮಚಕ್ಕೆ ಎತ್ತಿಕೊಂಡಿದ್ದಳು, ಚಮಚ ಬಾಯಿಯ ಹತ್ತಿರ ಬಂದಿತ್ತು. ಮದುವೆಯಾದಂದಿನಿಂದ ಈ ಅತ್ತೆ ಅಳಿಯನ ಪರವಾಗಿ ಒಂದು ಮಾತಾಡಿದ್ದಿಲ್ಲ. ನೂಮಾ ಕಣ್ಣು ಮುಚ್ಚಿಕೊಂಡ.

ಅತ್ತೆ ಚಮಚವನ್ನು ನಿಧಾನವಾಗಿ ತಟ್ಟೆಗೆ ಇಳಿಸಿದಳು.

"ಎಲ್ಲಿ ಆಯ್ತು? ಹಲ್ಲಿಲ್ಲದ ಮುದುಕಿ, ತಿನ್ನೋಕೆ ಹೊತ್ತು ಹಿಡಿಯತ್ತಪ್ಪ. ಹಾಕಿ ಅಳಿಯಂದ್ರೇ, ಹಾಕಿ. ಎಂಬತ್ತು ವರ್ಷದಲ್ಲಿ ನನ್ನ ಹುಟ್ಟುಹಬ್ಬಕ್ಕೆ ಬ್ಯಾಂಡು ಬಂದಿದ್ದು ಇದೇ ಮೊದಲು."

ನೂಮಾ ಮುಳ್ಳು ಇಳಿಸಿದ. ಬೀಸ್ ಗಾಳಿಯನ್ನು ಸೀಳಿಕೊಂಡು ವಾಲ್ಟ್ಸ್ ಎದ್ದಿತು. ವಾಲ್ಟ್ಸಿಗಿಂತ ತುಸು ವೇಗ, ಮೆತ್ತಿದ ಹಿಮ ಸ್ವಲ್ಪ ಹೆಚ್ಚಾಗಿತ್ತು. ಆದರೆ ನಡುಗಲಿಲ್ಲ, ನರಳಲಿಲ್ಲ. ಅಪ್ಪ ಹೇಳಿದ್ದು ಸುಳ್ಳಲ್ಲ, ಅಪ್ಪ ಹೇಳಿದ್ದು ಅಕ್ಷರಶಃ ನಿಜ, ಎಂದು ನೂಮಾನಿಗೆ ಕಣ್ಣು ತುಂಬಿ ಬಂತು. ಕ್ಲೆಮಾಂಸ್ ಅದನ್ನು ನೋಡಿದಳು. ಅಡುಗೆಯ ಏಪ್ರನ್ನಿನಲ್ಲೇ ಮೆಟ್ಟಿಲಿಳಿದು ಬಂದು ಅವನ ಕೈ ಹಿಡಿದಳು. ಇಬ್ಬರೂ ಹಿಮದಲ್ಲಿ ಸುತ್ತಿದರು. ಫ್ರಿಟ್ಸನ ಕೈಯಿಂದ ಹಗ್ಗ ಜಾರಿತು. ಅತ್ತೆ ಹೊಸ್ತಿಲವರೆಗೆ ಬಂದು ಶಾಲುಗಳ ಒಳಗಿನಿಂದ ತಾಳ ಹಾಕಿದಳು. ಅಕ್ಕಪಕ್ಕದ ಕಿಟಕಿಗಳು ತೆರೆದವು, ಎಲ್ಲಿಂದಲೋ ಚಪ್ಪಾಳೆ ಬಂತು. ಕೊನೆಯ ಸ್ವರ ಮುಗಿದು ಮುಳ್ಳು ಸುಮ್ಮನೆ ಕರಕರ ಎನ್ನುವವರೆಗೂ ಯಂತ್ರ ಒಂದು ಸಲವೂ ತಡವರಿಸಲಿಲ್ಲ.

ಆಗ ಅತ್ತೆ ಒಳಗೆ ಹೋಗಿ, ಆ ಕೊನೆಯ ತುತ್ತನ್ನು ತಿಂದು, "ಈಗ ಆಯ್ತು," ಎಂದಳು.

"ನಾನು ಹೇಳಿರ್ಲಿಲ್ವಾ, ಒಳ್ಳೇ ಯಂತ್ರ ಅಂತ," ಎಂದ ಫ್ರಿಟ್ಸ್, ಗೆದ್ದೆತ್ತಿನ ಬಾಲ ಹಿಡಿದು. ಆಮೇಲೆ ತನ್ನ ಕಂಬಳಿಯನ್ನು ತಾನೇ ಹೊದ್ದುಕೊಂಡ.

ಅವತ್ತು ನೂಮಾ ಇಡೀ ಸ್ಯಾಂತ್-ಕ್ರುವಾದ ಚಕ್ರವರ್ತಿ. ಸಿಕ್ಕವರಿಗೆಲ್ಲ ತಣ್ಣನೆ ತುದಿಯ ಸಿದ್ಧಾಂತ ಉಪದೇಶಿಸಿದ. ಒಲೆಗೆ ಒರಗಿಸಿದ್ದು ಯಾರ ಬುದ್ಧಿ ಎಂದು ಕೇಳಿದರೆ ಫ್ರಿಟ್ಸನ ಕಡೆ ಬೆರಳು ತೋರಿಸಿದ. "ಯಂತ್ರ ಈ ಮನೇಲೇ ಇರತ್ತೆ, ಇದು ತೀರ್ಪು," ಎಂದು ಹೆಂಡತಿಗೆ ಹೇಳಿದಾಗ ಅವಳು ಪೂರ್ತಿ ಒಪ್ಪಿದಳು. ಕ್ಲೆಮಾಂಸ್ ಮಾತಿಗೆ ತಪ್ಪುವ ಹೆಂಗಸಲ್ಲ.

"ಇರ್ಲಿ, ಖಂಡಿತ ಇರ್ಲಿ," ಎಂದಳು. "ಆದ್ರೆ ಅದಕ್ಕೆ ಚಳಿ ಬೇಕು ಅಂತ ನೀವೇ ಸಿದ್ಧಾಂತ ಹೇಳಿದ್ರಲ್ಲ. ಊಟದ ಕೋಣೇಲಿ ಒಲೆ ಉರಿಯತ್ತೆ, ಅಲ್ಲಿಟ್ರೆ ಮತ್ತೆ ಹಸು ಈಯತ್ತೆ. ಮೇಲಿನ ಕೋಣೇಲಿ ಇಡಿ. ಒಲೆ ಮೇಲೆ ಚಾವಣೀಲಿ ಮುಚ್ಚಳ ಇದೆಯಲ್ಲ, ಅದನ್ನ ತೆಗೆದ್ರೆ ಹಾಡು ನಮಗೆ ಕೆಳಗೇ ಕೇಳತ್ತೆ."

ನಮ್ಮ ಕಡೆಯ ಮನೆಗಳಲ್ಲಿ ಆ ಮುಚ್ಚಳ ಇರುವುದು ಒಲೆಯ ಕಾವು ಮೇಲಿನ ಕೋಣೆಗೆ ಹೋಗಲಿ ಎಂದು. ನೂಮಾ ಪಾಂಡಿತ್ಯ ತೋರಿಸಿದ. "ಮುಚ್ಚಳ ತೆಗೆದ್ರೆ ಕಾವು ಮೇಲೆ ಬರತ್ತೆ ಕಣೇ, ತಣ್ಣನೆ ತುದಿ ಮತ್ತೆ ಬಿಸಿ ಆಗತ್ತೆ."

"ಮೇಲೆ ಕಿಟಕಿ ತೆಗೆದಿಟ್ರೆ ಆಯ್ತು."

"ದೀಪ ಉರೀತಿರೋವಾಗ ಬಿಟ್ಟು ಬರೋ ಹಾಗಿಲ್ಲ. ಮರದ ಮನೆ. ಯಾರಾದ್ರೂ ಪಕ್ಕದಲ್ಲೇ ಕೂತಿರ್ಬೇಕು."

"ಅದಕ್ಕೇ ತಾನೇ ನೀವಿರೋದು," ಎಂದಳು ಕ್ಲೆಮಾಂಸ್, ಅಕ್ಕರೆಯಿಂದ.

ಈಗ ಭಾನುವಾರದ ಊಟವಾದ ಮೇಲೆ ಬೊರ್ನಾನರ ಮನೆಯಲ್ಲಿ ಸಂಗೀತ ಕಚೇರಿ. ಪ್ರತಿ ವಾರವೂ ಬರುತ್ತೇನೆಂದು ಝೆಲಿ ಘೋಷಿಸಿಬಿಟ್ಟಿದ್ದಾಳೆ, ಬರುತ್ತಾಳೆ ಕೂಡ. ಕೆಳಗೆ ಒಲೆಯ ಸುತ್ತ ಅತ್ತೆ, ಹೆಂಡತಿ, ನೂಮಾನ ಕುರ್ಚಿಯಲ್ಲಿ ಕಾಲು ಚಾಚಿಕೊಂಡ ಫ್ರಿಟ್ಸ್, ಕಾಫಿ, ಟಾರ್ಟು. ಮೇಲೆ ತೆರೆದ ಕಿಟಕಿಯ ಪಕ್ಕ ಓವರ್‌ಕೋಟು, ಕಿವಿ ಮುಚ್ಚುವ ಟೋಪಿ, ಎರಡು ಜೊತೆ ಕೈಗವಸು ತೊಟ್ಟ ವಿಜಯಶಾಲಿ. ಹಾಡು ಮುಗಿದಾಗ ಕೆಳಗಿನಿಂದ ಭರ್ಜರಿ ಚಪ್ಪಾಳೆ ಬರುತ್ತದೆ, ಅದಕ್ಕೆ ಮೋಸವಿಲ್ಲ. ಟಾರ್ಟಿನ ಘಮವೂ ಮುಚ್ಚಳದಿಂದ ಬರುತ್ತದೆ. ನೂಮಾ ಉಬ್ಬಿಹೋಗುತ್ತಾನೆ, ಮೂಗೊರೆಸಿಕೊಳ್ಳುತ್ತಾನೆ, ಮುಳ್ಳನ್ನು ಮತ್ತೆ ಮೊದಲಿಗೆ ತಂದಿಡುತ್ತಾನೆ.

ಹೋದ ಭಾನುವಾರ ಎರಡನೆಯ ವಾಲ್ಟ್ಸಿನ ನಡುವೆ ಫ್ರಿಟ್ಸನ ದನಿ ಮೇಲೇರಿ ಬಂತು. ಬಾಯಿ ತುಂಬ ಏನೋ ಇತ್ತು.

"ನೂಮಾ, ಸ್ವಲ್ಪ ನಿಧಾನ ಆಗ್ತಿದೆ ಕಣಯ್ಯಾ. ಕಿಟಕಿ ಪೂರ್ತಿ ತೆಗೆದಿಲ್ಲ ಅನ್ಸತ್ತೆ, ನೋಡು."

ನೂಮಾ ಎದ್ದು ನೋಡಿದ. ಹೌದು, ಅರ್ಧವೇ ತೆರೆದಿತ್ತು. ಪೂರ್ತಿ ತೆಗೆದ.